ಹಿಡಿಕೆ ಯಾರ ಕೈಯಲ್ಲಿ?

ಮಕ್ಕಳೇ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ನೋಡಿದ್ದೀರಾ? ಒಳಗೆ ಮರದ ದಪ್ಪ ದಪ್ಪ ಕಂಬಗಳು, ಹೊರಗೆ ಸಾಲಾಗಿ ನಿಲ್ಲಿಸಿದ ಹಳೆಯ ಶಿಲ್ಪಗಳು, ವೀರಗಲ್ಲುಗಳು. ಯಾವುದೋ ಮೂರ್ತಿಯ ಕಿವಿಯೋಲೆ ಎಷ್ಟು ನುಣುಪಾಗಿದೆ ನೋಡೋಣ ಎಂದು ನೀವು ಕೈ ಚಾಚುವಷ್ಟರಲ್ಲಿ ಹಿಂದಿನಿಂದ ಯಾರಾದರೂ "ಮುಟ್ಟಬೇಡ!" ಅಂದೇ ಅನ್ನುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಮ್ಮ ಬೆರಳ ತುದಿಯಲ್ಲಿ ಸದಾ ಒಂದಿಷ್ಟು ಬೆವರು, ಉಪ್ಪು, ಜಿಡ್ಡು ಇರುತ್ತದೆ. ಒಬ್ಬರು ಮುಟ್ಟಿದರೆ ಏನೂ ಆಗದು. ಸಾವಿರಾರು ಜನ ವರ್ಷಗಟ್ಟಲೆ ಮುಟ್ಟಿದರೆ ಕಲ್ಲು ಕೂಡ ಕಪ್ಪಾಗುತ್ತದೆ, ಸವೆಯುತ್ತದೆ. ಲೋಹವಾದರೆ ಕಿಲುಬು ಹಿಡಿಯುತ್ತದೆ. ನೂರಾರು ವರ್ಷ ಹಿಂದಿನ ಶಿಲ್ಪಿ ಮತ್ತೆ ಬಂದು ಆ ಕಿವಿಯೋಲೆಯನ್ನು ಕೆತ್ತಿಕೊಡಲಾರ.

ಆದರೆ ಇನ್ನೊಂದು ಬಗೆಯ ಮ್ಯೂಸಿಯಂ ಇದೆ. ಅಲ್ಲಿ ಮುಟ್ಟಲೇಬೇಕು. ಹಿಡಿಕೆ ತಿರುಗಿಸಬೇಕು, ಗುಂಡಿ ಒತ್ತಬೇಕು, ಹಗ್ಗ ಜಗ್ಗಬೇಕು, ಮರಳು ಅಗೆಯಬೇಕು. ಸುಮ್ಮನೆ ಕೈಕಟ್ಟಿ ನಿಂತರೆ ಅಲ್ಲಿ ನೋಡಲು ಏನೂ ಇರುವುದಿಲ್ಲ. ಅಂಥ ಕಡೆ ಇಡುವ ವಸ್ತುಗಳಿಗೆ ಪ್ರದರ್ಶಿಕೆ ಎನ್ನುತ್ತಾರೆ. ಒಂದು ಪ್ರದರ್ಶಿಕೆಯನ್ನು ಯೋಚಿಸುವುದು ಹೇಗೆ, ಕಟ್ಟುವುದು ಹೇಗೆ? ಇವತ್ತು ನಾವು ಶಿವಮೊಗ್ಗ ಮತ್ತು ಭದ್ರಾವತಿಯ ಮಕ್ಕಳಿಗಾಗಿ ಕೆಲವನ್ನು ಕಾಗದದ ಮೇಲೆ ಕಟ್ಟಿ ನೋಡೋಣ. ಸಾಮಾನು ಸರಂಜಾಮು ಎಲ್ಲ ನಮ್ಮ ಸುತ್ತಲೇ ಇದೆ.

ಗುಜರಿಯಿಂದ ಪಾಠ

ಮೊದಲು ಒಬ್ಬ ವಿಜ್ಞಾನಿಯ ಕತೆ. ಅವರ ಹೆಸರು ಫ್ರಾಂಕ್ ಓಪನ್‌ಹೈಮರ್, ಅಮೆರಿಕದವರು. ಭೌತವಿಜ್ಞಾನಿ. ಅಂದಿನ ರಾಜಕೀಯದ ಗದ್ದಲದಲ್ಲಿ 1949ರಲ್ಲಿ ಅವರು ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಕೊಲರಾಡೊ ಎಂಬ ಬೆಟ್ಟಗಾಡಿಗೆ ಹೋಗಿ ಹತ್ತಿರ ಹತ್ತಿರ ಹತ್ತು ವರ್ಷ ದನ ಸಾಕಿದರು. ಆಮೇಲೆ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟರಾದರು. ಪಾಠಕ್ಕೆ ಬೇಕಾದ ಸಲಕರಣೆಗಳನ್ನು ಗುಜರಿ ಸಾಮಾನಿನಲ್ಲಿ ಹುಡುಕುತ್ತಿದ್ದರು. ಹಾಳಾದ ಯಂತ್ರ ಬಿಚ್ಚಿದರೆ ಅದರೊಳಗೆ ಕಾಯಿಲ್ ಇದೆ, ಗೇರ್ ಇದೆ, ಮಸೂರ ಇದೆ. ಪುಸ್ತಕದ ಅರ್ಧ ಪಾಠ ಅಲ್ಲೇ ಸಿಗುತ್ತದೆ.

ಇದೇ ಫ್ರಾಂಕ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 'ಎಕ್ಸ್‌ಪ್ಲೊರೇಟೋರಿಯಂ' ಎಂಬ ಮ್ಯೂಸಿಯಂ ತೆರೆದರು. ಅಲ್ಲಿ ಒಂದು ವಿಶೇಷವಿತ್ತು. ಪ್ರದರ್ಶಿಕೆಗಳನ್ನು ತಯಾರಿಸುವ ವರ್ಕ್‌ಶಾಪನ್ನು ಗೋಡೆಯ ಹಿಂದೆ ಬಚ್ಚಿಡಲಿಲ್ಲ. ಬೆಸುಗೆಯ ಕಿಡಿ, ಗರಗಸದ ಸದ್ದು, ಅರ್ಧ ಮುಗಿದ ಯಂತ್ರ, ಎಲ್ಲವೂ ಬಂದವರ ಕಣ್ಣೆದುರಿಗೇ. ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದರು. ತಮ್ಮ ಪ್ರದರ್ಶಿಕೆಗಳನ್ನು ಹೇಗೆ ಕಟ್ಟಿದೆವು ಎಂಬುದನ್ನು ಅಳತೆ ಸಮೇತ ಅಡುಗೆ ಪುಸ್ತಕದ ಹಾಗೆ ಬರೆದು ಅಚ್ಚು ಹಾಕಿಸಿದರು. ಯಾವ ದೇಶದ ಮ್ಯೂಸಿಯಂನವರಾದರೂ ನೋಡಿ ಮಾಡಿಕೊಳ್ಳಲಿ ಎಂದು.

ನಮ್ಮ ಕರ್ನಾಟಕದಲ್ಲಿ ಈ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು ಪ್ರಧಾನಿ ನೆಹರೂ 1962ರಲ್ಲಿ ಉದ್ಘಾಟಿಸಿದರು. ಅದರ ಮೊದಲ ವಿಭಾಗ 1965ರಲ್ಲಿ ಜನರಿಗೆ ತೆರೆಯಿತು. ಅದರ ವಿಷಯ ವಿದ್ಯುತ್ತು. ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿರಬಹುದು. ರೈಟ್ ಸಹೋದರರ ವಿಮಾನದ ನಿಜ ಅಳತೆಯ ಮಾದರಿಯ ಕೆಳಗೆ ನಿಂತಿರಬಹುದು.

ಆ ಮ್ಯೂಸಿಯಂಗೆ ಯಾರ ಹೆಸರಿದೆಯೋ ಅದೇ ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಅದರ ಆರಂಭದ ಕಷ್ಟಕಾಲದಲ್ಲಿ ಮುಂದೆ ನಿಂತು ನಡೆಸಿದವರು. 1923ರಲ್ಲಿ ಅಲ್ಲಿನ ಕುಲುಮೆಯಿಂದ ಕಬ್ಬಿಣ ಹರಿಯತೊಡಗಿತು. ಹಾಗಾದರೆ ನಮ್ಮ ಮೊದಲ ಪ್ರದರ್ಶಿಕೆ ಭದ್ರಾವತಿಯದ್ದೇ ಆಗಲಿ.

ಕುಲುಮೆ ಬೇಕು, ಬೆಂಕಿ ಬೇಡ

ಭದ್ರಾವತಿಗೆ ಅದಿರು ಬಂದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಅದನ್ನು ಕರಗಿಸಲು ಮೊದಮೊದಲು ಬಳಸಿದ್ದು ಮಲೆನಾಡಿನ ಕಾಡಿನ ಮರದಿಂದ ಸುಟ್ಟ ಇದ್ದಿಲು. ಬೇರೆ ಕಡೆಯ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಇತ್ತು. ನಮ್ಮಲ್ಲಿ ಅದು ಇರಲಿಲ್ಲ. ಮುಂದೆ ಜೋಗದ ವಿದ್ಯುತ್ತು ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

ಈಗ ತೊಂದರೆ ನೋಡಿ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಅಂಥ ಬೆಂಕಿಯನ್ನು ಮಕ್ಕಳ ಮುಂದೆ ಇಡಲಾದೀತೇ? ಚಿತ್ರ ಬರೆದು ಗೋಡೆಗೆ ತೂಗುಹಾಕಬಹುದು. ಆದರೆ ಆಗ ನಿಮ್ಮ ಕೈಗೆ ಕೆಲಸವೇ ಇಲ್ಲ. ಪ್ರದರ್ಶಿಕೆ ಕಟ್ಟುವವರು ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಇದರಲ್ಲಿ ಮಗು ತನ್ನ ಕೈಯಾರೆ ಏನನ್ನು ಬದಲಿಸಬಹುದು? ಉತ್ತರ ಸಿಗುವ ತನಕ ಅವರು ಸುತ್ತಿಗೆ ಮುಟ್ಟುವುದಿಲ್ಲ.

ಮೊದಲ ಮೇಜಿನ ಮೇಲೆ ಮೂರು ಕಲ್ಲು, ಒಂದು ದೊಡ್ಡ ಮೊಳೆ ಇಡೋಣ. ದಾರಕ್ಕೆ ಕಟ್ಟಿದ ಅಯಸ್ಕಾಂತ ಒಂದು. ಮೊದಲ ಕಲ್ಲು ರಸ್ತೆ ಬದಿಯ ಸಾದಾ ಜಲ್ಲಿ. ಎರಡನೆಯದು ಕೆಮ್ಮಣ್ಣುಗುಂಡಿಯ ಕೆಂಪು ಅದಿರು, ಹೆಮಟೈಟ್. ಮೂರನೆಯದು ಕುದುರೆಮುಖದ ಕಪ್ಪು ಅದಿರು, ಮ್ಯಾಗ್ನಟೈಟ್. ಅಯಸ್ಕಾಂತ ತೂಗಿಸಿ. ಮೊಳೆ ಛಕ್ಕನೆ ಅಂಟುತ್ತದೆ. ಮ್ಯಾಗ್ನಟೈಟ್ ಕೂಡ ಸೆಳೆಯುತ್ತದೆ. ಜಲ್ಲಿ ಮಿಸುಕುವುದಿಲ್ಲ, ಸರಿ. ಆದರೆ ಕೆಂಪು ಅದಿರೂ ಮಿಸುಕುವುದಿಲ್ಲವಲ್ಲ! ಶುದ್ಧ ಹೆಮಟೈಟಿನ ತೂಕದಲ್ಲಿ ನೂರಕ್ಕೆ 70ರಷ್ಟು ಕಬ್ಬಿಣವೇ. ಇಷ್ಟು ಕಬ್ಬಿಣ ತುಂಬಿಕೊಂಡ ಕಲ್ಲು ಅಯಸ್ಕಾಂತಕ್ಕೆ ಯಾಕೆ ಸೊಪ್ಪು ಹಾಕುವುದಿಲ್ಲ?

ಈ 'ಯಾಕೆ' ಹುಟ್ಟಿತಲ್ಲ, ಆ ಮೇಜಿನ ಕೆಲಸ ಮುಗಿಯಿತು. ಉತ್ತರ ಹೀಗೆ: ಕಬ್ಬಿಣದ ಒಂದೊಂದು ಪರಮಾಣುವೂ ಪುಟಾಣಿ ಅಯಸ್ಕಾಂತದ ಹಾಗೆ. ಮೊಳೆಯಲ್ಲಿ ಅವು ಒಂದೇ ದಿಕ್ಕಿಗೆ ತಿರುಗಿ ನಿಲ್ಲಬಲ್ಲವು. ಹೆಮಟೈಟಿನಲ್ಲಿ ಆಮ್ಲಜನಕದ ಜೊತೆ ಕಟ್ಟುಬಿದ್ದ ಅವು ಒಂದಕ್ಕೊಂದು ಎದುರುಬದುರಾಗಿ ನಿಂತು ಒಂದರ ಬಲವನ್ನು ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ಅಳಿಸಿಬಿಡುತ್ತವೆ. ಮ್ಯಾಗ್ನಟೈಟಿನಲ್ಲಿ ಅಳಿಸಿದ ಮೇಲೂ ಒಂದಿಷ್ಟು ಉಳಿಯುತ್ತದೆ.

ಎರಡನೇ ಮೇಜು ಕುಲುಮೆ. ಕೆಂಪು, ನೀಲಿ, ಕಪ್ಪು ಮರದ ತುಂಡುಗಳು. ಕೆಂಪು ಎಂದರೆ ಕಬ್ಬಿಣ, ನೀಲಿ ಆಮ್ಲಜನಕ, ಕಪ್ಪು ಇದ್ದಿಲು. ನೀಲಿಯೊಳಗೆ ಅಯಸ್ಕಾಂತ. ಕೆಂಪಿನೊಳಗೆ ತೆಳು ಉಕ್ಕಿನ ಬಿಲ್ಲೆ; ನೀಲಿ ಅದಕ್ಕೆ ಹಗುರವಾಗಿ ಅಂಟಿಕೊಳ್ಳುತ್ತದೆ. ಕಪ್ಪಿನೊಳಗೆ ದಪ್ಪ ಬಿಲ್ಲೆ. ನೀಲಿ ಅದಕ್ಕೆ ಗಟ್ಟಿಯಾಗಿ ಅಂಟುತ್ತದೆ. ಕೆಂಪು-ನೀಲಿ ಜೋಡಿಗಳನ್ನೂ ಕಪ್ಪು ತುಂಡುಗಳನ್ನೂ ಒಂದು ಪಾರದರ್ಶಕ ಡಬ್ಬಿಗೆ ಹಾಕಿ ಮುಚ್ಚಿ. ಸುಮ್ಮನೆ ಇಟ್ಟರೆ ಏನೂ ಆಗುವುದಿಲ್ಲ. ಅದಿರಿನ ರಾಶಿಯ ಪಕ್ಕ ಇದ್ದಿಲ ರಾಶಿ ಸುರಿದರೆ ವರ್ಷ ಕಳೆದರೂ ಏನೂ ಆಗುವುದಿಲ್ಲವಲ್ಲ, ಹಾಗೆಯೇ. ಈಗ ಡಬ್ಬಿ ಕುಲುಕಿ. ಜೋರಾಗಿ! ಕೆಂಪಿನ ಹಿಡಿತ ಸಡಿಲವಾಗಿ ನೀಲಿ ಕಳಚುತ್ತದೆ, ಕಪ್ಪು ಅದನ್ನು ಹಿಡಿದುಕೊಳ್ಳುತ್ತದೆ. ಕೆಂಪು ಒಂಟಿಯಾಗಿ ತಳಕ್ಕೆ ಬೀಳುತ್ತದೆ. ಅದೇ ಭದ್ರಾವತಿಯ ಕಬ್ಬಿಣ.

ಕುಲುಕುವ ಕೆಲಸ ಯಾಕೆ ಇಟ್ಟದ್ದು ಗೊತ್ತೇ? ಬಿಸಿ ಎಂದರೆ ಕಣಗಳ ಅಲುಗಾಟವೇ. ಕುಲುಮೆಯಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ರಟ್ಟೆ ಮಾಡುತ್ತದೆ. ಮಾದರಿಯಲ್ಲಿ ಒಂದು ಸಂಗತಿಯನ್ನು ಸರಳ ಮಾಡಿದ್ದೇವೆ, ಅದನ್ನೂ ಹೇಳಿಬಿಡಬೇಕು. ನಿಜವಾದ ಕುಲುಮೆಯಲ್ಲಿ ಇದ್ದಿಲು ಮೊದಲು ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಾಗುತ್ತದೆ. ಅದಿರಿನಿಂದ ಆಮ್ಲಜನಕವನ್ನು ಕಸಿಯುವ ಕೆಲಸವನ್ನು ಹೆಚ್ಚಾಗಿ ಆ ಅನಿಲವೇ ಮಾಡುತ್ತದೆ.

ಒಂದು ಎಚ್ಚರಿಕೆ. ಅಯಸ್ಕಾಂತ ಚಿಕ್ಕದಾಗಿದ್ದರೆ ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಎರಡು ಅಯಸ್ಕಾಂತ ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಗಳ ಆಚೀಚೆ ನಿಂತು ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು. ಆದ್ದರಿಂದ ಪ್ರತಿ ತುಂಡೂ ಮಗುವಿನ ಮುಷ್ಟಿಗಿಂತ ದೊಡ್ಡದಿರಬೇಕು, ಅಯಸ್ಕಾಂತವನ್ನು ಮರದೊಳಗೆ ಹೂತು ಮೇಲೆ ಗೂಟ ಬಡಿದು ಮುಚ್ಚಿರಬೇಕು, ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಹಾಕಿರಬೇಕು.

ಮೂರನೇ ಮೇಜು ಎರಕದ್ದು. ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಎರಕದ ಕಾರ್ಖಾನೆಗಳಿವೆ. ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ, ತೆಗೆದು, ಉಳಿದ ಗುಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಮಾಡುವ ಬಡಗಿಯ ಅಳತೆಪಟ್ಟಿಯಲ್ಲಿ ಒಂದು ಗುಟ್ಟಿದೆ. ಅದರ ಒಂದು ಮೀಟರು ನಿಜವಾದ ಮೀಟರಿಗಿಂತ ಸುಮಾರು ಒಂದು ಸೆಂಟಿಮೀಟರ್ ಉದ್ದ. ಎರಕದ ಕಬ್ಬಿಣ ತಣಿಯುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಬಡಗಿ ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾನೆ. ನಮ್ಮ ಮೇಜಿನಲ್ಲಿ ಕಬ್ಬಿಣದ ಬದಲು ಮೇಣ. ಒದ್ದೆ ಮರಳಿನಲ್ಲಿ ಅಚ್ಚು ಒತ್ತುವುದು ನಿಮ್ಮ ಕೆಲಸ, ಮೇಣ ಹೊಯ್ಯುವುದು ದೊಡ್ಡವರ ಕೆಲಸ. ತಣಿದ ಮೇಲೆ ಅಚ್ಚನ್ನೂ ಎರಕವನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಮೇಣ ಕಬ್ಬಿಣಕ್ಕಿಂತ ಹೆಚ್ಚು ಕುಗ್ಗುತ್ತದೆ, ಕಣ್ಣಿಗೇ ಕಾಣುತ್ತದೆ.

ಜೋಗದ ಒಂದು ಲೀಟರ್

ಈಗ ವಿದ್ಯುತ್ತು. ಸೈಕಲ್ ಪೆಡಲ್ಲಿನಂಥ ಹಿಡಿಕೆ, ಅದರ ಹಿಂದೆ ಚಿಕ್ಕ ಡೈನಮೊ, ಮುಂದೆ ಮೂರು ಬಲ್ಬು, ಮೂರು ಸ್ವಿಚ್ಚು. ಮೊದಲನೆಯದು 2 ವ್ಯಾಟಿನ ಎಲ್‌ಇಡಿ. ಉಳಿದ ಎರಡೂ ಬೈಕಿನ ಇಂಡಿಕೇಟರಿಗೆ ಹಾಕುವ 10 ವ್ಯಾಟಿನ ಹಳೇ ಬಗೆಯ ತಂತಿ ಬಲ್ಬು. ಎಲ್ಲವೂ 12 ವೋಲ್ಟಿನವು. ಮನೆಯ 230 ವೋಲ್ಟ್ ಕರೆಂಟು ಮಕ್ಕಳ ಪ್ರದರ್ಶಿಕೆಯ ಹತ್ತಿರವೂ ಸುಳಿಯಬಾರದು.

ಎಲ್ಲ ಸ್ವಿಚ್ಚನ್ನೂ ಆರಿಸಿ ಹಿಡಿಕೆ ತಿರುಗಿಸಿ. ಸರಾಗ. ಎಲ್‌ಇಡಿ ಹಾಕಿ. ಬೆಳಕು ಬಂತು, ಕೈಗೆ ಅಷ್ಟೇನೂ ಗೊತ್ತಾಗಲಿಲ್ಲ. ತಂತಿ ಬಲ್ಬು ಹಾಕಿ. ಯಾರೋ ಹಿಡಿಕೆಯನ್ನು ಹಿಂದಕ್ಕೆ ಎಳೆದಂತಾಗುತ್ತದೆ! ಎರಡನೆಯದನ್ನೂ ಹಾಕಿದರೆ ಉಸಿರು ಬಿಗಿಹಿಡಿಯಬೇಕು.

ಹಿಂದಕ್ಕೆ ಎಳೆದದ್ದು ಯಾರು? ಡೈನಮೊದೊಳಗೆ ತಂತಿಯ ಸುರುಳಿ ಮತ್ತು ಅಯಸ್ಕಾಂತ ಇವೆ. ಅಯಸ್ಕಾಂತದ ಹತ್ತಿರ ಸುರುಳಿ ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡರು. ಸ್ವಿಚ್ಚು ಆರಿಸಿದ್ದಾಗ ಕರೆಂಟು ಹರಿಯಲು ದಾರಿ ಇಲ್ಲ. ದಾರಿ ಸಿಕ್ಕಿ ಹರಿದ ಕೂಡಲೇ ಸುರುಳಿಯೇ ಒಂದು ಅಯಸ್ಕಾಂತವಾಗಿ ತನ್ನನ್ನು ತಿರುಗಿಸುವ ಕೈಯನ್ನು ತಡೆಯತೊಡಗುತ್ತದೆ. ಬಲ್ಬಿಗೆ ಹೆಚ್ಚು ಕರೆಂಟು ಬೇಕಾದಷ್ಟೂ ತಡೆ ಹೆಚ್ಚು. ಬೆಳಕು ಬಿಟ್ಟಿಯಾಗಿ ಬರುವುದಿಲ್ಲ, ಯಾರಾದರೂ ತಿರುಗಿಸಲೇಬೇಕು. ಇಲ್ಲಿ ನಿಮ್ಮ ತೋಳು. ನಮ್ಮ ಜಿಲ್ಲೆಯ ಶರಾವತಿಯಲ್ಲಿ ಬೀಳುವ ನೀರು. ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1948ರಿಂದ ಆ ಕೆಲಸ ಮಾಡುತ್ತಿದೆ.

ಒಂದು ಲೆಕ್ಕ ಹಾಕೋಣವೇ? ಜೋಗದ ಎತ್ತರ 253 ಮೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೊ. ಒಂದು ಕಿಲೊ ಒಂದು ಮೀಟರ್ ಬಿದ್ದರೆ ಸಿಗುವ ಶಕ್ತಿ ಸುಮಾರು 9.8 ಜೂಲ್. 253 ಮೀಟರ್ ಬಿದ್ದರೆ ಸುಮಾರು 2,480 ಜೂಲ್. ನಿಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಸೆಕೆಂಡಿಗೆ 9 ಜೂಲ್ ಬಳಸುತ್ತದೆ. ದಾರಿಯಲ್ಲಿ ಏನೂ ನಷ್ಟವಾಗದಿದ್ದರೆ ಆ ಒಂದು ಲೀಟರ್ ನೀರು ಬಲ್ಬನ್ನು ನಾಲ್ಕೂವರೆ ನಿಮಿಷ ಉರಿಸುತ್ತದೆ. ಒಂದು ಗಂಟೆ ಹೋಂವರ್ಕ್ ಮಾಡಲು ಹದಿಮೂರು ಹದಿನಾಲ್ಕು ಲೀಟರು, ಅಂದರೆ ಒಂದು ಬಕೆಟ್ ನೀರು ಜೋಗದ ತುದಿಯಿಂದ ಬೀಳಬೇಕು.

ಈ ಪ್ರದರ್ಶಿಕೆ ಕಟ್ಟುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ಹಿಡಿಕೆ ಕಂಡರೆ ಮಕ್ಕಳು ಮೆಲ್ಲಗೆ ತಿರುಗಿಸುವುದಿಲ್ಲ! ಒಬ್ಬರಿಗಿಂತ ಒಬ್ಬರು ಜೋರು. ಕೆಲವರು ಹಿಡಿಕೆಯ ಮೇಲೆ ಜೋತೂ ಬೀಳುತ್ತಾರೆ. ಅದಕ್ಕೇ ಉಕ್ಕಿನ ಶಾಫ್ಟು, ಎರಡು ಕಡೆ ಬಾಲ್ ಬೇರಿಂಗು, ವೋಲ್ಟೇಜು ಮಿತಿ ಮೀರದಂತೆ ತಡೆಯುವ ಸರ್ಕ್ಯೂಟು. ಕೈ ಉಜ್ಜಿ ಗುಳ್ಳೆ ಬಾರದಂತೆ ಹಿಡಿಕೆಯ ಮರ ತನ್ನಷ್ಟಕ್ಕೆ ತಿರುಗಬೇಕು. ಗೇರ್‌ಗಳ ಮೇಲೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ: ಕಣ್ಣಿಗೆ ಒಳಗೆ ಹೋಗಲು ದಾರಿ ಇರಬೇಕು, ಬೆರಳಿಗೆ ಇರಬಾರದು.

ಎರಡು ನಲ್ಲಿ, ಒಂದು ಕೂಡ್ಲಿ

ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಒಂದೇ ಬೆಟ್ಟದ ಮಕ್ಕಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ ದಾಟಿ ಗಾಜನೂರಿನ ಅಣೆಕಟ್ಟೆಯಲ್ಲಿ ನಿಂತು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ಸುತ್ತಿ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು ಭದ್ರಾವತಿಗೆ ಬರುತ್ತಾಳೆ. ಕೂಡ್ಲಿಯಲ್ಲಿ ಮತ್ತೆ ಭೇಟಿ.

ಇದಕ್ಕೊಂದು ಉದ್ದನೆಯ ತಟ್ಟೆ ಬೇಕು. ತುಸುವೇ ಇಳಿಜಾರು. ಮೇಲುಗಡೆ ಎರಡು ನಲ್ಲಿ. ಒಂದರ ಹೆಸರು ತುಂಗಾ, ಇನ್ನೊಂದು ಭದ್ರಾ. ತಟ್ಟೆಯ ತುಂಬ ಮರಳು. ನಲ್ಲಿ ಬಿಟ್ಟರೆ ನೀರು ತನ್ನ ದಾರಿಯನ್ನು ತಾನೇ ಕೊರೆಯುತ್ತದೆ. ನೀವು ನೇರ ಕಾಲುವೆ ತೋಡಿಕೊಟ್ಟರೂ ಸ್ವಲ್ಪ ಹೊತ್ತಿನಲ್ಲಿ ಅದು ಬಳುಕತೊಡಗುತ್ತದೆ. ತಿರುವಿನ ಹೊರ ಅಂಚಿನಲ್ಲಿ ನೀರಿನ ವೇಗ ಹೆಚ್ಚು, ಅಲ್ಲಿ ದಡ ಕುಸಿಯುತ್ತದೆ. ಒಳ ಅಂಚಿನಲ್ಲಿ ವೇಗ ಕಡಿಮೆ, ಅಲ್ಲಿ ಮರಳು ನಿಲ್ಲುತ್ತದೆ. ಹಾಗಾಗಿ ತಿರುವು ಇನ್ನಷ್ಟು ತಿರುವಾಗುತ್ತದೆ. ಭದ್ರಾ ನಲ್ಲಿಯನ್ನು ಪೂರ್ತಿ ಬಿಟ್ಟು ತುಂಗೆಯನ್ನು ಸಣ್ಣ ಮಾಡಿ. ಎರಡೂ ಸೇರುವ ಕಡೆ ಮರಳಿನ ದಿಬ್ಬ ಎತ್ತ ಸರಿಯಿತು? ನಡುವೆ ಮರದ ತುಂಡಿಟ್ಟು ಅಣೆಕಟ್ಟೆ ಮಾಡಿ. ಅದರ ಹಿಂದೆ ಹೂಳು ಎಲ್ಲಿ ಮೊದಲು ಕೂತಿತು?

ಇಲ್ಲಿ ಕಟ್ಟುವವರ ತಲೆನೋವು ಮರಳೇ. ಹೊಳೆಯ ಮರಳು ಪಂಪಿಗೆ ನುಗ್ಗಿ ಅದನ್ನು ಕೆಡಿಸುತ್ತದೆ, ಮಣ್ಣು ಬೆರೆತರೆ ನೀರು ಕದಡಿ ಏನೂ ಕಾಣುವುದಿಲ್ಲ. ಕೆಲವು ಕಡೆ ಇದಕ್ಕಾಗಿ ಬಣ್ಣಬಣ್ಣದ ಪ್ಲಾಸ್ಟಿಕ್ ಹರಳು ಬಳಸುತ್ತಾರೆ, ಗಾತ್ರಕ್ಕೊಂದು ಬಣ್ಣ. ಹರಳು ಹಗುರ, ಆದ್ದರಿಂದ ಸಣ್ಣ ಹರಿವಿಗೂ ಓಡುತ್ತದೆ. ಯಾವ ಗಾತ್ರದ್ದು ಎಲ್ಲಿ ನಿಂತಿತು ಎಂಬುದು ಬಣ್ಣದಿಂದಲೇ ಗೊತ್ತಾಗುತ್ತದೆ. ಮಗು ಬೊಗಸೆಯಲ್ಲಿ ತುಂಬಿ ನೆಲಕ್ಕೆ ಚೆಲ್ಲುವುದಂತೂ ಖಂಡಿತ. ಆದ್ದರಿಂದ ತಟ್ಟೆಯ ಅಂಚು ಒಳಕ್ಕೆ ಬಾಗಿರಬೇಕು, ನೆಲ ಜಾರದಂತೆ ಒರಟಾಗಿರಬೇಕು, ಪಂಪಿಗೆ ಮುಂಚೆ ಎರಡು ಜರಡಿ ಇರಬೇಕು.

ತಟ್ಟೆಯ ಎತ್ತರ ಎಷ್ಟು? ಎಂಟು ವರ್ಷದ ಮಗುವಿನ ಮೊಣಕೈ ನೆಲದಿಂದ ಸುಮಾರು 75 ಸೆಂಟಿಮೀಟರ್ ಮೇಲಿರುತ್ತದೆ. ಕೈ ಕೆಲಸ ಮಾಡಬೇಕಾದ ಜಾಗ ಅದಕ್ಕಿಂತ ಎತ್ತರವಿರಬಾರದು. ಗಾಲಿಕುರ್ಚಿಯಲ್ಲಿ ಬರುವ ಮಗುವಿನ ಮೊಣಕಾಲು ತಟ್ಟೆಯ ಕೆಳಗೆ ಹೋಗುವಷ್ಟು ಖಾಲಿ ಜಾಗವೂ ಬೇಕು. ದೊಡ್ಡವರು ಬಗ್ಗಿಕೊಳ್ಳಲಿ ಬಿಡಿ!

ಮೆಟ್ಟಿಲ ಮನೆಯ ಮಳೆ

ಮಳೆ ಅಳೆಯುವುದು ಮಿಲಿಮೀಟರಿನಲ್ಲಿ. "ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿಲಿಮೀಟರ್" ಎಂದು ಓದಿದರೆ ತಲೆಗೆ ಏನೂ ಹೋಗುವುದಿಲ್ಲ. ಆದರೆ ಅದು 7.6 ಮೀಟರ್! ಒಂದು ಹನಿಯೂ ಹರಿದುಹೋಗದೆ, ಇಂಗದೆ, ಆರದೆ ನಿಂತರೆ ಎರಡು ಅಂತಸ್ತಿನ ಮನೆ ಮುಳುಗುವಷ್ಟು ನೀರು. ಹಾಗಾದರೆ ಒಂದು ಕಂಬ ನಿಲ್ಲಿಸಿ ಗುರುತು ಹಾಕಿದರಾಯಿತು.

ಕೋಣೆಯ ಚಾವಣಿ ಮೂರು ಮೀಟರೂ ಇರುವುದಿಲ್ಲವಲ್ಲ? ಕಂಬವನ್ನು ಚಿಕ್ಕದು ಮಾಡಿದರೆ ಬೆರಗೆಲ್ಲ ಹೋಯಿತು. ಮೆಟ್ಟಿಲ ಮನೆಯಲ್ಲಿ ನಿಲ್ಲಿಸೋಣ, ಕೆಳಗಿನ ನೆಲದಿಂದ ಎರಡನೇ ಮಹಡಿಯ ತನಕ. ಮಗು ಹತ್ತುತ್ತಾ ಹತ್ತುತ್ತಾ ಗುರುತು ನೋಡಲಿ. ಶಿವಮೊಗ್ಗ ನಗರದ ವರ್ಷದ ಮಳೆ ಒಂದು ಮೀಟರಿನ ಆಸುಪಾಸು, ನಾಲ್ಕನೇ ಕ್ಲಾಸಿನವರ ಎದೆಮಟ್ಟಕ್ಕೆ. ಇನ್ನಷ್ಟು ಮೆಟ್ಟಿಲು ಹತ್ತಿದರೆ 4.5 ಮೀಟರಿನ ಹತ್ತಿರ ಒಂದು ಕೆಂಪು ಗೆರೆ: 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಗೆ ಸುರಿದದ್ದು, 4,508 ಮಿಲಿಮೀಟರ್. ಇನ್ನೂ ಹತ್ತಿ, ಆಗುಂಬೆಯ ಇಡೀ ವರ್ಷದ ಗೆರೆ. ಒಂದೇ ಜಿಲ್ಲೆ, ಒಂದೇ ಮುಂಗಾರು. ಇಷ್ಟು ವ್ಯತ್ಯಾಸ ಯಾಕೆ?

ಮಹಡಿಯ ಮೇಲೆ ಇರಬೇಕಾದ್ದು ಮೋಡದ ಬಾಟಲಿ. ಅರಬ್ಬೀ ಸಮುದ್ರದಿಂದ ಬರುವ ಒದ್ದೆ ಗಾಳಿ ಆಗುಂಬೆಯ ಘಟ್ಟಕ್ಕೆ ಎದುರಾದಾಗ ಮೇಲೇರಲೇಬೇಕು. ಮೇಲೇರಿದಂತೆ ಸುತ್ತಲಿನ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ, ತಣಿದ ಗಾಳಿಯ ಆವಿ ಹನಿಗಟ್ಟುತ್ತದೆ. ಘಟ್ಟದ ಅಂಚಿನಲ್ಲೇ ಹೊರೆ ಇಳಿಸಿಕೊಂಡ ಗಾಳಿ ಶಿವಮೊಗ್ಗ ತಲುಪುವ ಹೊತ್ತಿಗೆ ಹಗುರವಾಗಿರುತ್ತದೆ. ಇದನ್ನು ಬಾಟಲಿಯಲ್ಲಿ ಮಾಡುವುದು ಹೇಗೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ರಟ್ಟಿನಿಂದ ಶುರು

ಕಟ್ಟುವ ಕ್ರಮ ಒಂದಿದೆ. ಮೊದಲು ಉಕ್ಕು ಕೊಯ್ಯುವುದಿಲ್ಲ. ರಟ್ಟು, ಟೇಪು, ಪಿವಿಸಿ ಪೈಪು, ಹಳೇ ಸೈಕಲ್ ಬಿಡಿಭಾಗಗಳಿಂದ ಒಂದು ಕಚ್ಚಾ ಮಾದರಿ ಮಾಡುತ್ತಾರೆ. ಅದನ್ನು ಮಕ್ಕಳ ಮುಂದೆ ಇಟ್ಟು ಬಾಯಿ ಮುಚ್ಚಿಕೊಂಡು ದೂರ ನಿಲ್ಲುತ್ತಾರೆ. ಬಾಯಿ ಮುಚ್ಚಿಕೊಳ್ಳುವುದೇ ಬಹಳ ಕಷ್ಟ. "ಅಲ್ಲಲ್ಲ, ಹಾಗಲ್ಲ, ಈ ಕಡೆ ತಿರುಗಿಸು" ಎಂದುಬಿಡಬೇಕು ಅನ್ನಿಸುತ್ತದೆ. ಅನ್ನಬಾರದು. ಮ್ಯೂಸಿಯಂ ತೆರೆದ ಮೇಲೆ ಅವರು ಪ್ರತಿಯೊಂದು ಮಗುವಿನ ಪಕ್ಕ ನಿಂತಿರಲಾರರಲ್ಲ.

ಮಗು ಮೊದಲು ಯಾವುದನ್ನು ಮುಟ್ಟಿತು? ಎಷ್ಟು ಹೊತ್ತು ನಿಂತಿತು? ಎರಡನೇ ಸಲ ಮಾಡುವಾಗ ಏನಾದರೂ ಬದಲಿಸಿತೇ? ಪಕ್ಕದವರನ್ನು ಕರೆಯಿತೇ? ಇವನ್ನು ಬರೆದುಕೊಳ್ಳುತ್ತಾರೆ. ಗುಂಡಿ ಒತ್ತಿ ಓಡಿಹೋದರೆ ಆ ಪ್ರದರ್ಶಿಕೆಯಲ್ಲಿ ಎಲ್ಲ ಕೆಲಸವನ್ನೂ ಯಂತ್ರವೇ ಮಾಡಿಬಿಟ್ಟಿದೆ ಎಂದರ್ಥ. ಮಾದರಿ ಮತ್ತೆ ಬೆಂಚಿಗೆ ಹೋಗುತ್ತದೆ. ಎರಡು ಮೂರು ಸುತ್ತು ಹೀಗೆ ಆದ ಮೇಲೆ ಮರ, ಉಕ್ಕು, ಬೇರಿಂಗಿನ ಮಾತು. ಆಗ ಐಟಿಐ ಕಲಿತ ಫಿಟ್ಟರ್, ಟರ್ನರ್, ವೆಲ್ಡರ್‌ಗಳು ಬೇಕು. ಶಿವಮೊಗ್ಗ, ಭದ್ರಾವತಿಯಲ್ಲಿ ಅಂಥ ಪಳಗಿದ ಕೈಗಳಿಗೆ ಬರವಿಲ್ಲ. ಮೂಲೆಗಳನ್ನು ದುಂಡಗೆ ಮಾಡುವುದು, ನಟ್ಟುಗಳು ಅಲುಗಾಟಕ್ಕೆ ಸಡಿಲವಾಗದಂತೆ ಲಾಕ್ ಹಾಕುವುದು, ಕೆಟ್ಟರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಜೋಡಿಸಲು ಬರುವಂತೆ ಕಟ್ಟುವುದು ಅವರಿಗೆ ಗೊತ್ತು. ಮಕ್ಕಳು ಮುಟ್ಟುವ ಪ್ರದರ್ಶಿಕೆ ಕೆಟ್ಟೇ ಕೆಡುತ್ತದೆ. ರಿಪೇರಿಗೆ ಜಾಗ ಬಿಟ್ಟು ಕಟ್ಟುವುದೂ ವಿನ್ಯಾಸದ ಪಾಠವೇ.

ಎಲ್ಲ ಮುಗಿದ ಮೇಲೆ ಫಲಕ ಬರೆಯುವುದು. ಹಿಡಿಕೆಯ ಪ್ರದರ್ಶಿಕೆಗೆ ಎರಡು ಫಲಕ ನೋಡಿ. ಒಂದು: "ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವದನ್ವಯ ಯಾಂತ್ರಿಕ ಶಕ್ತಿಯು ವಿದ್ಯುಚ್ಛಕ್ತಿಯಾಗಿ ಪರಿವರ್ತಿತವಾಗುವುದನ್ನು ಇಲ್ಲಿ ವೀಕ್ಷಿಸಬಹುದು." ಇನ್ನೊಂದು: "ಹಿಡಿಕೆ ತಿರುಗಿಸುತ್ತಾ ಇರಿ. ಈಗ ಎರಡನೇ ಸ್ವಿಚ್ಚು ಹಾಕಿ. ಕೈಗೆ ಏನು ಗೊತ್ತಾಯಿತು?" ಯಾವುದನ್ನು ಓದಿದರೆ ನಿಮ್ಮ ಕೈ ತಾನಾಗಿ ಹಿಡಿಕೆಗೆ ಹೋಗುತ್ತದೆ? ಮೊದಲನೆಯ ಫಲಕದಲ್ಲಿ ತಪ್ಪೇನೂ ಇಲ್ಲ. ಆದರೆ ಹಿಡಿಕೆ ಮುಟ್ಟುವ ಮೊದಲೇ ಅದು ಉತ್ತರ ಹೇಳಿ ಮುಗಿಸಿಬಿಟ್ಟಿತು. ವಿವರಣೆ ಬೇಕಾದವರಿಗೆ ಅದು ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದರೆ ಸಾಕು.

ಮಾಡಿ ನೋಡಿ: ಮೋಡದ ಬಾಟಲಿ

ಬೇಕಾದದ್ದು: ಎರಡು ಲೀಟರಿನ, ಬಣ್ಣವಿಲ್ಲದ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿ, ಮುಚ್ಚಳ ಬಿಗಿಯಾಗಿರಲಿ. ಎರಡು ಚಮಚ ಉಗುರುಬೆಚ್ಚಗಿನ ನೀರು. ಒಂದು ಊದಿನಕಡ್ಡಿ. ಜೊತೆಗೆ ಮನೆಯ ದೊಡ್ಡವರೊಬ್ಬರು, ಕಡ್ಡಿ ಹಚ್ಚಲು.

ಬಾಟಲಿಗೆ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ. ಮುಚ್ಚಳ ತೆಗೆದು ಊದಿನಕಡ್ಡಿಯ ಹೊಗೆ ಒಂದಿಷ್ಟು ಒಳಗೆ ಹೋಗಲು ಬಿಡಿ. ಮತ್ತೆ ಬಿಗಿಯಾಗಿ ಮುಚ್ಚಿ. ಎರಡೂ ಕೈಯಿಂದ ಬಾಟಲಿಯನ್ನು ಗಟ್ಟಿಯಾಗಿ ಹಿಸುಕಿ, ಹತ್ತು ಎಣಿಸಿ, ಥಟ್ಟನೆ ಬಿಡಿ. ಒಳಗೆ ಮಂಜು ಕವಿಯುತ್ತದೆ. ಮತ್ತೆ ಹಿಸುಕಿದರೆ ಮಾಯ! ಬಿಟ್ಟಾಗ ಗಾಳಿ ಹಿಗ್ಗಿ ತಣಿಯಿತು, ಆವಿ ಹನಿಯಾಯಿತು. ಹನಿ ಕೂರಲು ಹೊಗೆಯ ಕಣಗಳು ಜಾಗ ಕೊಟ್ಟವು. ಹಿಂದೆ ಕಪ್ಪು ಬಟ್ಟೆ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟರೆ ಚೆನ್ನಾಗಿ ಕಾಣುತ್ತದೆ.

ಇಲ್ಲಿಯ ತನಕ ಇದು ಪ್ರಯೋಗ. ಇದನ್ನು ನಿಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಪ್ರದರ್ಶಿಕೆ ಮಾಡಬೇಕಾದರೆ ಇನ್ನೂ ಕೆಲಸವಿದೆ. ಎರಡು ಬಾಟಲಿ ಇಡಿ, ಒಂದಕ್ಕೆ ಹೊಗೆ ಹಾಕಿ, ಇನ್ನೊಂದಕ್ಕೆ ಬೇಡ. ಯಾವುದು ಯಾವುದೆಂದು ಹೇಳಬೇಡಿ. ಒಂದನೇ ಅಥವಾ ಎರಡನೇ ಕ್ಲಾಸಿನ ಒಬ್ಬರನ್ನು ಕರೆದು ಮುಂದೆ ನಿಲ್ಲಿಸಿ ನೀವು ಆರಡಿ ದೂರ ಸರಿಯಿರಿ. ಪುಟ್ಟ ಕೈಗೆ ದೊಡ್ಡ ಬಾಟಲಿ ಹಿಸುಕಲು ಆಗಲಿಲ್ಲವೇ? ಚಿಕ್ಕ ಬಾಟಲಿ ಹುಡುಕಿ, ಇಲ್ಲವೇ ಎರಡು ಹಲಗೆಗೆ ಕೀಲು ಹಾಕಿ ಹಿಸುಕುವ ಸಾಧನ ಮಾಡಿ. ಮೋಡ ಕಂಡರೂ ಗಮನ ಹೋಗಲಿಲ್ಲವೇ? ಟಾರ್ಚಿನ ಜಾಗ ಬದಲಿಸಿ. ಮುಚ್ಚಳ ತೆಗೆದು ನೀರು ಚೆಲ್ಲಿಬಿಟ್ಟರೇ? ಬೈಯಬೇಡಿ, ಮುಚ್ಚಳಕ್ಕೆ ಅಂಟು ಹಚ್ಚಿ. ಆಮೇಲೆ ಇನ್ನೊಬ್ಬರನ್ನು ಕರೆಯಿರಿ. ಅವರು "ಇದರಲ್ಲಿ ಬರುತ್ತೆ, ಅದರಲ್ಲಿ ಯಾಕೆ ಬರಲ್ಲ?" ಎಂದು ತಾವಾಗಿಯೇ ಕೇಳಿದ ದಿನ ನಿಮ್ಮ ಪ್ರದರ್ಶಿಕೆ ಮೇಳಕ್ಕೆ ಸಿದ್ಧ. ಫಲಕ ಬರೆಯಲು ಅಲ್ಲಿಯ ತನಕ ಕಾಯಿರಿ, ಮತ್ತು ಅವರು ಕೇಳಿದ ಆ ಮಾತನ್ನೇ ಅದರ ಮೇಲೆ ಬರೆಯಿರಿ.